ಅರ್ಧ ಬೆಲೆಯ ಕೀ ಯಾರ ಕೈಯಿಂದ ಬಂತು?

1/7
(ಫೋಟೊ: ನಮ್ಮ ಅಂಗಳದಲ್ಲಿ ಒಣಗ್ತಾ ಇರೋ ಚಾಲಿ. ಗೇಮಿಗೂ ಇದಕ್ಕೂ ಎಂತ ಸಂಬಂಧ ಅಂತ ಕೇಳ್ಬೇಡಿ, ಬರ್ತದೆ.)

"ಸ್ಟೀಮ್‌ನಲ್ಲಿ 2,000 ಇರೋ ಗೇಮು ಬೇರೆ ಸೈಟಿನಲ್ಲಿ 1,200ಕ್ಕೆ ಕೀ ಸಿಗ್ತಾ ಇದೆ. ತಗೊಳ್ಬಹುದಾ ಮಾರಾಯಾ?"

ಸೆಮಿಸ್ಟರ್ ಮುಗಿದು ರಜೆ ಶುರುವಾದ್ರೆ ನನ್ನ ಇನ್‌ಬಾಕ್ಸಿಗೆ ಬರೋ ಮೊದಲ ಪ್ರಶ್ನೆ ಇದೇ. ಕುಮಟಾದವರು ಕೇಳ್ತಾರೆ, ಹೊನ್ನಾವರದವರು ಕೇಳ್ತಾರೆ, ಮೊನ್ನೆ ಭಟ್ಕಳದಿಂದ ಒಬ್ಬ ಹೈಸ್ಕೂಲು ಹುಡುಗನೂ ಕೇಳಿದ. ಎಲ್ಲರಿಗೂ ಬಿಡಿ ಬಿಡಿಯಾಗಿ ಉತ್ತರ ಬರೆಯೋ ಬದಲು ಇಲ್ಲೇ ಏಳು ಕಂತಿನಲ್ಲಿ ಬರೀತಾ ಇದೇನೆ. ಓದಿ, ಸೇವ್ ಮಾಡಿ ಇಟ್ಕೊಳ್ಳಿ.

ಮೊದಲೇ ಒಂದು ಮಾತು. ನಾವೆಲ್ಲ ಕೇಳೋದು "ಈ ಕೀ ಕೆಲಸ ಮಾಡ್ತದಾ?" ಅಂತ. ಕೇಳಬೇಕಾದ್ದು ಬೇರೆ: "ಈ ಕೀ ಮಾರೋನ ಕೈಗೆ ಎಲ್ಲಿಂದ ಬಂತು?" ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಮೊದಲನೇದಕ್ಕೆ ಹೆಚ್ಚು ತಲೆ ಕೆಡಿಸ್ಕೊಳ್ಳೋದೇ ಬೇಡ.

2/7
ಕೀ ಅಂದ್ರೆ ಎಂತ? ಸ್ಟೀಮ್ ಕೀ ಆದ್ರೆ ಸಾಮಾನ್ಯವಾಗಿ ಐದೈದರ ಮೂರು ಗುಂಪಿನಲ್ಲಿ 15 ಅಕ್ಷರ, ಅಂಕೆ. ಅದನ್ನ ನಿಮ್ಮ ಅಕೌಂಟಿಗೆ ಹಾಕಿದ ಕೂಡಲೇ ಗೇಮು ನಿಮ್ಮ ಲೈಬ್ರರಿಗೆ ಬರ್ತದೆ. ಒಮ್ಮೆ ಬಳಸಿದ ಕೀ ಇನ್ನೊಬ್ಬರಿಗೆ ಆಗಲ್ಲ.

ಮಾರೋರಲ್ಲಿ ಎರಡು ಜಾತಿ ಇದ್ದಾರೆ. ಇದು ಗೊತ್ತಾದ್ರೆ ಅರ್ಧ ಗೊಂದಲ ಹೋಯ್ತು.

ಒಂದು, ಗೇಮ್ ಕಂಪನಿಯಿಂದಲೇ ಕೀ ತಗೊಂಡು ಮಾರೋ ಅಂಗಡಿಗಳು. ಹಂಬಲ್ ಬಂಡಲ್, ಫನಾಟಿಕಲ್, ಗ್ರೀನ್ ಮ್ಯಾನ್ ಗೇಮಿಂಗ್ ಈ ಗುಂಪಿನವು. ಇವು ಸ್ಟೀಮ್‌ನ ಹೊರಗಿನ ಅಂಗಡಿಗಳೇ, ಆದ್ರೆ ಕೀ ಎಲ್ಲಿಂದ ಬಂತು ಅನ್ನೋದರಲ್ಲಿ ಗುಟ್ಟಿಲ್ಲ.

ಎರಡು, ಸಂತೆ ಥರದ ಮಾರುಕಟ್ಟೆಗಳು. ಜಿ2ಎ, ಕಿಂಗ್ವಿನ್, ಎನೆಬಾ ಈ ಸಾಲಿನವು. ಇಲ್ಲಿ ಸೈಟು ಜಾಗ ಕೊಡ್ತದೆ, ಕೀ ತಂದು ಮಾರೋರು ಬೇರೆ ಬೇರೆ ಜನ. ಸೈಟಿನ ಹೆಸರು ದೊಡ್ಡದಿದ್ರೂ ನೀವು ವ್ಯವಹಾರ ಮಾಡ್ತಾ ಇರೋದು ಮುಖ ಕಾಣದ ಒಬ್ಬ ಸೆಲ್ಲರ್ ಹತ್ರ.

ಅವನ ಹತ್ರ ಕೀ ಕಡಿಮೆಗೆ ಹೇಗೆ ಬಂತು? ದಾರಿ ಹಲವು. ಬಂಡಲ್‌ನಲ್ಲಿ ಹತ್ತು ಗೇಮ್ ತಗೊಂಡು ತನಗೆ ಬೇಡದ ನಾಲ್ಕನ್ನ ಮಾರ್ತಿರಬಹುದು. ಸೇಲಿನಲ್ಲಿ ತಗೊಂಡು ಇಟ್ಟದ್ದಿರಬಹುದು. ಬೆಲೆ ಕಡಿಮೆ ಇರೋ ದೇಶದಲ್ಲಿ ತಗೊಂಡದ್ದಿರಬಹುದು. ಯೂಟ್ಯೂಬರ್ ಅಂತ ಸುಳ್ಳು ಮೇಲ್ ಹಾಕಿ ಪುಕ್ಕಟೆ ಗಿಟ್ಟಿಸಿದ್ದಿರಬಹುದು. ಇಲ್ಲಾಂದ್ರೆ ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದಿರಬಹುದು. ಐದೂ ಕೀ ನೋಡೋಕೆ ಒಂದೇ ಥರ.

ನಮ್ಮ ಅಡಿಕೆಯಲ್ಲಿ ಹಾಗಿಲ್ಲ ನೋಡಿ. ಕುಮಟಾ ಮಾರುಕಟ್ಟೆಯಲ್ಲಿ ಹೊಸ ಚಾಲಿಗೆ ಒಂದು ರೇಟು, ಹಳೆ ಚಾಲಿಗೆ ಒಂದು, ಕೋಕಾಕ್ಕೆ ಒಂದು, ಚಿಪ್ಪಿಗೆ ಒಂದು. ಕೋಕಾ ಯಾಕೆ ಕಡಿಮೆ ಅಂತ ಕೈಯಲ್ಲಿ ಹಿಡಿದವರಿಗೆ ಗೊತ್ತಾಗ್ತದೆ. ಕೀಯಲ್ಲಿ ಯಾವುದು ಚಾಲಿ, ಯಾವುದು ಕೋಕಾ ಅಂತ ಹಾಕೋ ತನಕ ಗೊತ್ತಾಗಲ್ಲ. ಕೆಲವು ಸಲ ಹಾಕಿ ಒಂದು ತಿಂಗಳಾದ ಮೇಲೂ ಗೊತ್ತಾಗಲ್ಲ.

3/7
ಕದ್ದ ಕಾರ್ಡಿನ ದಾರಿ ಹೇಗೆ ನಡೀತದೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ. ಬಿಕಾಂನವರು ಗಮನ ಕೊಡಿ, ಇದು ನಮ್ಮದೇ ವಿಷಯ.

ಕಳ್ಳ ಯಾರದೋ ಕಾರ್ಡ್ ನಂಬರಿನಲ್ಲಿ ಗೇಮ್ ಕಂಪನಿಯ ಸೈಟಿನಿಂದಲೇ 50 ಕೀ ತಗೊಳ್ತಾನೆ. ಸಂತೆಯಲ್ಲಿ ಅರ್ಧ ಬೆಲೆಗೆ ಮಾರ್ತಾನೆ. ಅವನಿಗೆ ಅರ್ಧ ಬೆಲೆಯೂ ಪೂರ್ತಿ ಲಾಭವೇ, ಬಂಡವಾಳ ಅವನದ್ದಲ್ಲವಲ್ಲ. ಕಾರ್ಡಿನ ಮಾಲೀಕ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕಿಗೆ ದೂರು ಕೊಡ್ತಾನೆ. ಬ್ಯಾಂಕು ಆ ಹಣವನ್ನ ಕಂಪನಿಯಿಂದ ವಾಪಸ್ ಎಳೀತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಅಂತಾರೆ. ಹಣ ಹೋದ್ದು ಅಲ್ದೆ, ಪ್ರತಿ ಚಾರ್ಜ್‌ಬ್ಯಾಕಿಗೆ ಕಂಪನಿ ಶುಲ್ಕವನ್ನೂ ಕಟ್ಟಬೇಕು. ಅಂದ್ರೆ ಗೇಮು ಹೋಯ್ತು, ಹಣ ಹೋಯ್ತು, ಮೇಲಿಂದ ದಂಡ.

ಆಗ ಕಂಪನಿ ಎರಡರಲ್ಲಿ ಒಂದು ಮಾಡ್ತದೆ. ಆ ಕೀಗಳನ್ನ ರದ್ದು ಮಾಡ್ತದೆ, ನಿಮ್ಮ ಲೈಬ್ರರಿಯಿಂದ ಗೇಮು ಮಾಯ. ಇಲ್ಲಾ, ಆಡೋರ ಸಿಟ್ಟಿಗೆ ಹೆದರಿ ಸುಮ್ಮನಿದ್ದು ನಷ್ಟ ತಾನೇ ನುಂಗ್ತದೆ.

ಇದು ಗಾಳಿಮಾತಲ್ಲ. 2015ರ ಜನವರಿಯಲ್ಲಿ ಯೂಬಿಸಾಫ್ಟ್ ಕಂಪನಿ ಫಾರ್ ಕ್ರೈ 4ರ ಒಂದಿಷ್ಟು ಕೀ ರದ್ದು ಮಾಡ್ತು. ಕದ್ದ ಕಾರ್ಡಿನಲ್ಲಿ ಕೊಂಡು ರೀಸೆಲ್ಲರ್‌ಗಳ ಮೂಲಕ ಮಾರಿದ್ದವು ಅವು. ಜನ ಗಲಾಟೆ ಮಾಡಿದ ಮೇಲೆ, ಆಗಲೇ ಆಡೋಕೆ ಶುರು ಮಾಡಿದವರಿಗೆ ವಾಪಸ್ ಕೊಟ್ಟಿತು.

ಇನ್ನೊಂದು, ಫ್ಯಾಕ್ಟೋರಿಯೋ ಮಾಡಿದ ವೂಬೆ ಅನ್ನೋ ಜೆಕ್ ದೇಶದ ಕಂಪನಿಯದ್ದು. 2019ರಲ್ಲಿ ಜಿ2ಎ ಒಂದು ಸವಾಲು ಹಾಕ್ತು: ನಮ್ಮಲ್ಲಿ ಕದ್ದ ಕೀ ಮಾರಾಟ ಆಗಿದೆ ಅಂತ ಸಾಬೀತಾದ್ರೆ ಚಾರ್ಜ್‌ಬ್ಯಾಕ್ ನಷ್ಟದ 10 ಪಟ್ಟು ಕೊಡ್ತೇವೆ ಅಂತ. ವೂಬೆ 321 ಕೀಗಳ ಪಟ್ಟಿ ಕೊಟ್ಟಿತು. 198 ಕೀ ತಮ್ಮಲ್ಲೇ ಮಾರಾಟ ಆದದ್ದು ಹೌದು ಅಂತ 2020ರಲ್ಲಿ ಜಿ2ಎ ಒಪ್ಪಿ 39,600 ಡಾಲರ್ ಕೊಟ್ಟಿತು. ಭಾಗಿಸಿ ನೋಡಿ: ಒಂದು ಕೀಗೆ 200 ಡಾಲರ್. ಹತ್ತು ಪಟ್ಟು ತೆಗೆದ್ರೆ 20. ಒಂದೊಂದು ಕದ್ದ ಕೀಗೆ ಕಂಪನಿಗೆ ಬಿದ್ದ ಪೆಟ್ಟು ಅಷ್ಟು.

4/7
ಬಿಸಿನೆಸ್ ಲಾ ಪುಸ್ತಕ ತೆಗೀರಿ. ಸರಕು ಮಾರಾಟ ಕಾಯ್ದೆ, 1930. ಸೆಕ್ಷನ್ 27. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ ಎಲ್ಲರೂ: ಮಾಲೀಕನಲ್ಲದವನು, ಮಾಲೀಕನ ಒಪ್ಪಿಗೆ ಇಲ್ಲದೆ ಮಾರಿದ್ರೆ, ಕೊಂಡವನಿಗೆ ಮಾರಿದವನಿಗಿಂತ ಹೆಚ್ಚಿನ ಹಕ್ಕು ಬರಲ್ಲ. ತನ್ನದಲ್ಲದ್ದನ್ನ ಯಾರೂ ಕೊಡೋಕೆ ಆಗಲ್ಲ, ಅಷ್ಟೇ.

ಗೇಮಿನ ಕೀ ಕಾನೂನಿನ ಲೆಕ್ಕದಲ್ಲಿ ಸರಕು ಅಲ್ಲ, ಲೈಸೆನ್ಸು ಅಂತ ಯಾರಾದ್ರೂ ವಾದ ಮಾಡಬಹುದು. ಮಾಡ್ಲಿ. ಸ್ಟೀಮ್‌ನ ಒಪ್ಪಂದದಲ್ಲೂ ಗೇಮು ಮಾರಿಲ್ಲ, ಬಳಸೋ ಪರವಾನಗಿ ಕೊಟ್ಟದ್ದು ಅಂತಲೇ ಇದೆ. ಆದ್ರೆ ತತ್ವ ಅದೇ. ಕೀ ಕೊಟ್ಟವನಿಗೇ ಹಕ್ಕಿಲ್ಲದಿದ್ರೆ ನೀವು ಎಷ್ಟೇ ಪ್ರಾಮಾಣಿಕವಾಗಿ ಹಣ ಕೊಟ್ಟಿರಿ, ನಿಮ್ಮ ಕೈಯಲ್ಲಿರೋದು ಗಟ್ಟಿ ಅಲ್ಲ.

ನಮ್ಮ ಕಡೆ ಇದನ್ನ ಯಾರಿಗೂ ಪಾಠ ಮಾಡಬೇಕಾಗಿಲ್ಲ. ರಾತ್ರೋರಾತ್ರಿ ಒಬ್ಬ ಬಂದು ಒಂದು ಚೀಲ ಚಾಲಿ ಅರ್ಧ ರೇಟಿಗೆ ಕೊಡ್ತೇನೆ ಅಂದ್ರೆ ಕತಗಾಲದಲ್ಲಿ ಯಾರಾದ್ರೂ ತಗೊಳ್ತಾರಾ? "ಯಾರ ತೋಟದ್ದಾ ಇದು?" ಅನ್ನೋದೇ ಮೊದಲ ಮಾತು. ಅಡಿಕೆ ಚೆನ್ನಾಗಿಲ್ಲ ಅಂತಲ್ಲ. ಒಂದು ವರ್ಷ ಕೊನೆಗೌಡನನ್ನ ಕಾದು, ಮಳೆಗೆ ಹೆದರಿ, ಅಂಗಳದಲ್ಲಿ ಒಣಗಿಸಿದ ಯಾರದೋ ಮನೆ ಆ ಚೀಲದ ಹಿಂದೆ ಇದೆ ಅಂತ ನಮಗೆ ಗೊತ್ತು. ನೆಟ್ಟಿನಲ್ಲಿ ತೋಟ ಕಾಣಲ್ಲ. ಕಾಣದ ಮಾತ್ರಕ್ಕೆ ತೋಟದ ಯಜಮಾನ ಇಲ್ಲ ಅಂತಲ್ಲ.

5/7
ನಮ್ಮ ಕ್ಲಾಸಿನ ಒಬ್ಬನ ಕಥೆ. ಹೆಸರು ಹಾಕಬೇಡ ಅಂದಿದಾನೆ, ಹಾಕಲ್ಲ.

ಕೊಯ್ಲಿನ ಸಮಯದಲ್ಲಿ ರಾತ್ರಿ ಅಡಿಕೆ ಸುಲಿಯೋಕೆ ಹೋಗಿ ಹಣ ಕೂಡಿಸಿದ್ದ. ಬೆರಳು ಕಪ್ಪಾಗಿ ಕ್ಲಾಸಿಗೆ ಬರ್ತಿದ್ದ. ಅದರಲ್ಲಿ 1,400 ಕೊಟ್ಟು ಒಂದು ಸಂತೆ ಸೈಟಿನಲ್ಲಿ ಕೀ ತಗೊಂಡ. ಚೆನ್ನಾಗೇ ಆಡಿದ. ಮೂರನೇ ವಾರ ಲೈಬ್ರರಿಯಲ್ಲಿ ಗೇಮಿಲ್ಲ. ಸ್ಟೀಮಿಗೆ ಬರೆದ, ಕೀ ನಾವು ಮಾರಿದ್ದಲ್ಲ ಅಂತ ಉತ್ತರ. ಸೈಟಿಗೆ ಬರೆದ, ಸೆಲ್ಲರ್‌ನನ್ನ ಕೇಳಿ ಅಂತ ಉತ್ತರ. ಸೆಲ್ಲರ್ ಆ ಸೈಟಿನಲ್ಲೇ ಇಲ್ಲ. ಮೂವರಲ್ಲಿ ಯಾರೂ ಸುಳ್ಳು ಹೇಳಿದ್ದಲ್ಲ, ಆದ್ರೆ ಸುಲಿದ ರಾತ್ರಿಗಳು ಹೋದವು.

ಈಗ ನೇರವಾಗಿ ಲೆಕ್ಕ ಹಾಕೋಣ. ಗೇಮು 2,000, ಕೀ 1,200. ಕೀ ಕೆಟ್ರೆ ಮತ್ತೆ 2,000 ಕೊಟ್ಟು ತಗೊಳ್ಬೇಕು ಅಂತ ಇಟ್ಕೊಳ್ಳಿ. ಹತ್ತರಲ್ಲಿ ನಾಲ್ಕು ಕೀ ಕೆಟ್ರೆ ಮಾತ್ರ ನಿಮಗೆ ಲಾಭ ನಷ್ಟ ಸಮ. ಅದಕ್ಕಿಂತ ಕಡಿಮೆ ಕೆಟ್ರೆ ಕೀಯೇ ಲಾಭ! ಹೌದು, ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಕಿಸೆಯ ಲೆಕ್ಕ ಮಾತ್ರ ನೋಡಿದ್ರೆ ಉತ್ತರ ಸುಮಾರು ಸಲ ಕೀ ಕಡೆಗೇ ಬರ್ತದೆ.

ಎರಡು ವಿಷಯ ಆ ಲೆಕ್ಕದಲ್ಲಿ ಬಿಟ್ಟುಹೋಗಿವೆ. ಒಂದು, ಹೋಲಿಕೆ ಮಾಡಬೇಕಾದ್ದು 2,000ಕ್ಕಲ್ಲ, ಸೇಲಿನ ಬೆಲೆಗೆ. ಸೇಲಿನಲ್ಲಿ ಅದೇ ಗೇಮು 1,000ಕ್ಕೆ ಬಂದ್ರೆ 1,200ರ ಕೀ ಅಗ್ಗವೇ ಅಲ್ಲ. ಎರಡು, ಕೆಲಸ ಮಾಡಿದ ಕೀಯ ಖರ್ಚನ್ನ ಬೇರೆ ಯಾರೋ ಕಟ್ಟಿರಬಹುದು. ವೂಬೆಯ ಆ 198 ಕೀಗಳನ್ನ ಕೊಂಡವರೂ "ಒಳ್ಳೇ ಡೀಲು" ಅಂತಲೇ ಖುಷಿಪಟ್ಟಿರ್ತಾರೆ. ನಮ್ಮ ಲೆಡ್ಜರಿನಲ್ಲಿ ಉಳಿತಾಯ ಅಂತ ಬರೆದದ್ದು ಇನ್ನೊಬ್ಬರ ಲೆಡ್ಜರಿನಲ್ಲಿ ನಷ್ಟ ಆಗಿ ಕೂತಿರ್ತದೆ. ಡಬಲ್ ಎಂಟ್ರಿ ಅಂತ ಸುಮ್ಮನೆ ಕಲಿಸ್ತಾರಾ?

6/7
ಹಾಗಾದ್ರೆ ಮಾಡೋದೆಂತ? ಇದೊಂದು ಕಂತು ಸ್ಕ್ರೀನ್‌ಶಾಟ್ ಹೊಡ್ಕೊಳ್ಳಿ.

• ಮೊದಲು ಈಸ್‌ದೇರ್‌ಎನಿಡೀಲ್ ಸೈಟಿನಲ್ಲಿ ಗೇಮಿನ ಹೆಸರು ಹಾಕಿ. ಕಂಪನಿಯಿಂದಲೇ ಕೀ ಪಡೆಯೋ ಅಂಗಡಿಗಳ ಬೆಲೆ, ಹಿಂದೆ ಎಷ್ಟಕ್ಕೆ ಇಳಿದಿತ್ತು ಅನ್ನೋದು ಎರಡೂ ಕಾಣ್ತದೆ.

• ಕೆಲವು ಗೇಮು ಸೇಲಿಗೇ ಬರಲ್ಲ. ಫ್ಯಾಕ್ಟೋರಿಯೋ ಹಾಗೆ, ಅದು ಕಂಪನಿಯ ನಿಯಮ. ಅಂಥದ್ದು ಅರ್ಧ ಬೆಲೆಗೆ ಕಂಡ್ರೆ ಅನುಮಾನ ಪಡಿ.

• "ಕೀ" ಅಂತ ಇದೆಯಾ, "ಅಕೌಂಟ್" ಅಂತ ಇದೆಯಾ ಓದಿ. ಅಕೌಂಟ್ ಅಂದ್ರೆ ಗೇಮಿರೋ ಯಾರದೋ ಸ್ಟೀಮ್ ಅಕೌಂಟಿನ ಪಾಸ್‌ವರ್ಡ್ ಕೊಡ್ತಾರೆ. ಅದು ಸ್ಟೀಮ್ ನಿಯಮಕ್ಕೆ ವಿರುದ್ಧ, ಕೊಟ್ಟವನು ಯಾವತ್ತೂ ವಾಪಸ್ ಕಿತ್ಕೊಳ್ಳಬಹುದು. ಇಲ್ಲೇ ಡಿಎಂನಲ್ಲಿ "199ಕ್ಕೆ ಆಫ್‌ಲೈನ್ ಆಕ್ಟಿವೇಶನ್" ಅಂತ ಬರೋದು ಬಹಳಷ್ಟು ಇದೇ.

• ರೀಜನ್ ನೋಡಿ. ಯುರೋಪ್ ಅಂತಿರೋ ಕೀ ಭಾರತದಲ್ಲಿ ಆಗದೇ ಇರಬಹುದು. ವಿಪಿಎನ್ ಹಾಕು ಅಂತ ಸೆಲ್ಲರ್ ಹೇಳಿದ್ರೆ ಕೇಳ್ಬೇಡಿ, ಹೋಗೋದು ನಿಮ್ಮ ಅಕೌಂಟು.

• ಕೊನೇ ಪುಟದ ಮೊತ್ತ ನೋಡಿ. ಸೇವಾ ಶುಲ್ಕ, ಪೇಮೆಂಟ್ ಶುಲ್ಕ, ಮೊದಲೇ ಟಿಕ್ ಆಗಿರೋ ಸದಸ್ಯತ್ವ, ಹೊರದೇಶದ ಹಣವಾದ್ರೆ ಬ್ಯಾಂಕಿನ ಮಾರ್ಕಪ್, ಎಲ್ಲ ಸೇರಿ ಅಗ್ಗ ಕರಗ್ತದೆ.

• ಸ್ಟೀಮ್‌ನಲ್ಲೇ ಕೊಂಡ್ರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ರೆ ರಿಫಂಡ್ ಕೇಳಬಹುದು. ಹೊರಗಿನ ಕೀಗೆ ಸ್ಟೀಮ್ ರಿಫಂಡ್ ಕೊಡಲ್ಲ, ಕೊಟ್ಟ ಅಂಗಡಿಯ ನಿಯಮವೇ ಗತಿ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: 14 ದಿನ ಎಣಿಸೋದು ಕೊಂಡ ದಿನದಿಂದ, ಡೌನ್‌ಲೋಡ್ ಮುಗಿದ ದಿನದಿಂದ ಅಲ್ಲ. ಆಷಾಢದ ಮಳೆಯಲ್ಲಿ ಕರೆಂಟು, ನೆಟ್ಟು ಎರಡೂ ಹೋಗೋ ವಾರ 100 ಜಿಬಿ ಗೇಮು ಕೊಳ್ಬೇಡಿ.

• ಕೊಂಡ ಮೇಲೆ ಬಿಲ್ಲು, ಆರ್ಡರ್ ನಂಬರ್, ಸೆಲ್ಲರ್ ಹೆಸರಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

• "ರಿಫಂಡ್ ಬರಬೇಕಾದ್ರೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದ್ರೆ ಫೋನ್ ಇಡಿ. ಯುಪಿಐನಲ್ಲಿ ಹಣ ಪಡೆಯೋಕೆ ಪಿನ್ ಬೇಡವೇ ಬೇಡ.

• ಮೋಸ ಆದ್ರೆ ನಾಚ್ಕೆ ಪಟ್ಕೊಂಡು ಕೂರಬೇಡಿ. ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಗ್ರಾಹಕರ ದೂರಿಗೆ 1915. ಅಪ್ಪನಿಗೆ ಹೇಳೋದು ಕಷ್ಟ ಅಂತ ಎರಡು ದಿನ ಸುಮ್ಮನಿದ್ರೆ ಹಣ ಅಷ್ಟು ದೂರ ಹೋಗಿರ್ತದೆ.

7/7
ನನ್ನ ನಿಯಮ ಸರಳ. ಗೇಮು ಬೇಕು ಅನ್ನಿಸಿದ್ರೆ ವಿಶ್‌ಲಿಸ್ಟಿಗೆ ಹಾಕ್ತೇನೆ. ಸೇಲಿಗೆ ಕಾಯ್ತೇನೆ. ಕಾಯೋವಾಗ ಎಪಿಕ್‌ನಲ್ಲಿ ಪುಕ್ಕಟೆ ಬರೋದನ್ನ ಆಡ್ತೇನೆ. 2018ರ ಡಿಸೆಂಬರಿನಿಂದ ಕೊಡ್ತಾ ಇದ್ದಾರೆ, 2020ರ ಮೇ ತಿಂಗಳಲ್ಲಿ ಜಿಟಿಎ 5 ಕೂಡ ಕೊಟ್ಟಿದ್ರು. ಕಾಯೋದು ನಮಗೆ ಹೊಸದಲ್ಲ, ರೇಟು ಬರ್ಲಿ ಅಂತ ಚಾಲಿಯನ್ನ ವರ್ಷಗಟ್ಟಲೆ ಅಟ್ಟದಲ್ಲಿ ಇಟ್ಟುಕೊಳ್ಳೋ ಊರು ನಮ್ಮದು.

ಸಂತೆ ಸೈಟಿನಲ್ಲಿ ಮಾರೋರೆಲ್ಲ ಕಳ್ಳರು ಅಂತ ನಾನು ಹೇಳ್ತಾ ಇಲ್ಲ. ಬಂಡಲಿನಲ್ಲಿ ಉಳಿದ ಕೀ ಮಾರೋ ನಮ್ಮಂಥ ಹುಡುಗರೂ ಅಲ್ಲಿ ಇರ್ತಾರೆ. ತೊಂದರೆ ಅಂದ್ರೆ ಆ ಹುಡುಗ ಯಾರು, ಕಳ್ಳ ಯಾರು ಅಂತ ಕೊಳ್ಳೋನಿಗೆ ತಿಳಿಯೋ ದಾರಿ ಇಲ್ಲ. ತಿಳಿಯೋ ದಾರಿ ಇರೋ ಅಂಗಡಿಗೆ ನೂರಿನ್ನೂರು ಹೆಚ್ಚು ಕೊಟ್ರೆ, ಆ ಹಣ ದಂಡ ಅಲ್ಲ, ತಿಳಿದು ಕೊಂಡದ್ದರ ಬೆಲೆ.

ಮುಂದಿನ ವಾರ ಇನ್ನೊಂದು ಸರಣಿ: ಗೇಮಿನ ಒಳಗೆ ಸ್ಕಿನ್ನಿಗೆ ಸುರಿಯೋ ಹಣ. ಅಲ್ಲೀ ತನಕ, ನೀವು ನೋಡಿಟ್ಟ ಡೀಲು ಇದ್ರೆ ಕಮೆಂಟಿನಲ್ಲಿ ಸೈಟಿನ ಹೆಸರು, ರೀಜನ್, ಕೊನೇ ಮೊತ್ತ ಮೂರೂ ಬರೀರಿ. ಒಟ್ಟಿಗೆ ಕೂತು ನೋಡೋಣ, ಯಾರ ತೋಟದ್ದು ಅಂತ.

#ಕತಗಾಲ #ಕುಮಟಾ #ಹೊನ್ನಾವರ #ಭಟ್ಕಳ #ಬಿಕಾಂ #ಗೇಮ್‌ಕೀ