ಎರಡು ಮನಸು

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಾವು ಕನ್ನಡ ಶಾಲೆಯ ಶಿಕ್ಷಕಿಯರು ಒಂದನೆಯ ವರ್ಗಕ್ಕೆ ಮಕ್ಕಳನ್ನು ಕೇಳುತ್ತ ಮನೆಮನೆ ತಿರುಗುತ್ತೇವೆ. ಅಂಕಲಗಿಯ ಓಣಿಗಳಲ್ಲಿ ಹೀಗೆ ತಿರುಗಿ ನನ್ನ ಎಷ್ಟು ಜೋಡು ಚಪ್ಪಲಿ ಸವೆದವೋ! ಹೋದ ವರ್ಷವೂ ಒಂದು ಮನೆಯ ಕಟ್ಟೆಯ ಮೇಲೆ ಕೂತು ನನ್ನ ಪಾಠ ಒಪ್ಪಿಸಿದೆ. ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ, ಎಲ್ಲ ಪುಕ್ಕಟೆ. ಆ ತಾಯಿ ಮರದಲ್ಲಿ ಜೋಳ ಹಸನು ಮಾಡುತ್ತ "ಹೂಂನ್ರಿ" ಅಂದಳು. ತಾಯಿನುಡಿಯಲ್ಲಿ ಕಲಿತ ಮಗುವಿಗೆ ವಿಷಯ ಬೇಗ ತಿಳಿಯುತ್ತದೆ ಎಂದೆ. ಆಕೆ ಹರಳು ಆರಿಸಿದಳು. "ಒಂದನೇತ್ತೇದಿಂದನ ಇಂಗ್ಲಿಷೂ ಕಲಸ್ತೀವಿ" ಎಂದದ್ದೇ ತಡ, ಮರ ನಿಂತಿತು. ವಾರಕ್ಕೆ ಎಷ್ಟು ದಿನ, ಯಾವ ಪುಸ್ತಕ, ಮಾತಾಡಲಿಕ್ಕೆ ಬರುತ್ತದೆಯೇ ಎಂದು ಒಂದರ ಮೇಲೊಂದು ಪ್ರಶ್ನೆ. ಕಡೆಗೆ ಚಹಾ ಕೊಡುತ್ತ ಮೆಲ್ಲಗೆ ಕೇಳಿದಳು:

"ನಿಮ್ಮ ಮಗಳು ಯಾವ ಸಾಲ್ಯಾಗ ಕಲತಾರ್ರಿ ಅಕ್ಕೋರ?"

ಚಹಾ ಬಿಸಿ ಇತ್ತೆಂದು ನಾನು ಸುಮ್ಮನಿದ್ದೆನೆಂದು ಬರೆಯಬಹುದು. ಬಿಸಿ ಇರಲಿಲ್ಲ.

1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ನಾನು ಹೈಸ್ಕೂಲಿನ ಹುಡುಗಿ. ನಮ್ಮ ತಾಲೂಕಿನ ಹೆಸರಿನ ಚಳವಳಿಯೆಂದು ಹೆಮ್ಮೆಪಟ್ಟಿದ್ದೆ, ಅದು ವಿ.ಕೃ. ಗೋಕಾಕರ ವರದಿಯಿಂದ ಬಂದ ಹೆಸರೆಂದು ಗೊತ್ತಾದದ್ದು ಆಮೇಲೆ. ಅಂಥ ನಾನು 2004ರಲ್ಲಿ ಮಗಳನ್ನು ಹಳದಿ ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳಿಸಿದೆ. 1994ರ ಸರ್ಕಾರಿ ಆದೇಶದ ಪ್ರಕಾರ ನಾಲ್ಕನೆಯ ವರ್ಗದವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕಿತ್ತು. ಆ ಶಾಲೆಯ ಕಾಗದದಲ್ಲಿ ಕನ್ನಡವಿತ್ತು, ವರ್ಗದಲ್ಲಿ ಇಂಗ್ಲಿಷಿತ್ತು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಆ ವರ್ಷಗಳಲ್ಲಿ ನಾನು ಪೇಪರು ಓದುತ್ತಿದ್ದ ರೀತಿ ನೆನೆದರೆ ಈಗ ನಗು ಬರುತ್ತದೆ. ಮಾತೃಭಾಷೆಯ ಪರವಾಗಿ ಯಾರಾದರೂ ಬರೆದಿದ್ದರೆ ಶೀರ್ಷಿಕೆ ನೋಡಿ ಅಡುಗೆಯ ಪುಟಕ್ಕೆ ಹಾರುತ್ತಿದ್ದೆ. ವಾದ ಗೊತ್ತಿರಲಿಲ್ಲವೆಂದಲ್ಲ, ಆ ವಾದವನ್ನು ನಾನೇ ದಿನವೂ ಮನೆಮನೆಗೆ ಹೊತ್ತವಳು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮದ ಆಯ್ಕೆ ಪಾಲಕರದು, ಖಾಸಗಿ ಶಾಲೆಗಳ ಮೇಲೆ ಸರ್ಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಎಂದಾಗ ಮಾತ್ರ ಸುದ್ದಿಯನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಮಗಳು ಆಗಲೇ ಹತ್ತನೆಯ ವರ್ಗ ಮುಟ್ಟಿದ್ದಳು. ತೀರ್ಪಿನಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಆದರೂ ಅಂದು ನಿದ್ದೆ ಚೆನ್ನಾಗಿ ಬಂತು.

ಬಿ.ಎಡ್.ನಲ್ಲಿ ಕರ್ಟ್ ಲೆವಿನ್ನನ ಪಾಠ ಓದಿದ್ದೆವು. ಒಂದೇ ವಸ್ತು ಹತ್ತಿರಕ್ಕೂ ಸೆಳೆಯುತ್ತದೆ, ದೂರಕ್ಕೂ ತಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಪಡೆದಿದ್ದೆ. ಅದು ನನ್ನ ಮನೆಯ ವಿಷಯವೆಂದು ಹೊಳೆದಿರಲಿಲ್ಲ. ಮನಶ್ಶಾಸ್ತ್ರ ಓದಿದ ಮಗಳಿಗೆ ಫೋನಿನಲ್ಲಿ ಆ ಕಟ್ಟೆಯ ಕತೆ ಹೇಳಿದೆ. ಅವಳು 2008ರಲ್ಲಿ ಕ್ಲಾರ್ಕ್, ವೆಗನರ್, ಫ್ಯಾಬ್ರಿಗರ್ ಎಂಬ ಮೂವರು ಪ್ರಕಟಿಸಿದ ಸಂಶೋಧನೆಯ ಮಾತೆತ್ತಿದಳು. ಒಂದು ವಿಷಯದಲ್ಲಿ ಮನಸ್ಸು ಹೊಯ್ದಾಡುವಾಗ ಎಲ್ಲ ಕಡೆಯ ಮಾತನ್ನೂ ನಾವು ಒಂದೇ ಸಮ ತೂಗುವುದಿಲ್ಲವಂತೆ. ಆಗಲೇ ಯಾವ ಕಡೆಗೆ ವಾಲಿದ್ದೇವೋ ಆ ಕಡೆಯ ಮಾತನ್ನು ಕಿವಿಗೊಟ್ಟು ಕೇಳುತ್ತೇವೆ, ಅದು ಹೊಯ್ದಾಟವನ್ನು ಇಳಿಸುತ್ತದೆಂಬ ಆಸೆಗೆ. ಎದುರು ಮಾತು ಹೊಯ್ದಾಟವನ್ನು ಹೆಚ್ಚಿಸುತ್ತದೆ, ಅದಕ್ಕೇ ಬೇಡ. ಇಷ್ಟು ಹೇಳಿದವಳು ಆ ಸ್ಥಿತಿಗೆ ಕನ್ನಡದ ಹೆಸರು ಹುಡುಕಿ ತಡವರಿಸಿದಳು. ಒಳಗಿನಿಂದ ನಮ್ಮ ಅತ್ತೆಯವರು, ಸಾಲಿ ಮೆಟ್ಟಿಲು ಹತ್ತದವರು, "ಎರಡು ಮನಸು ಅನ್ನಬಾರದೇನ!" ಎಂದರು.

2019ರಲ್ಲಿ ಸರ್ಕಾರವೇ 1000 ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತಲ್ಲ, ಅದಕ್ಕೂ ಎರಡು ಮನಸೇ ಇದ್ದಿರಬೇಕು.

ಮರುವಾರ ಆ ಮನೆಗೆ ಪುಸ್ತಕ, ಪಟ್ಟಿ ಏನೂ ಒಯ್ಯದೆ ಹೋದೆ. ಮಗಳನ್ನು ಎಲ್ಲಿ ಕಲಿಸಿದೆ, ಯಾಕೆ ಅಂಜಿದ್ದೆ, ಎಲ್ಲ ಹೇಳಿದೆ. ಇಂಗ್ಲಿಷಿನಿಂದ ಅವಳಿಗೆ ಬೇಕಾದ ಓದು ಸಿಕ್ಕಿತು. ಆದರೆ ಅಜ್ಜಿಗೆ ಕನ್ನಡದಲ್ಲಿ ಒಂದು ಕಾಗದ ಬರೆಯಲು ಇಂದಿಗೂ ಬರುವುದಿಲ್ಲ, ನನಗೆ ಕಳಿಸುವ ಸಂದೇಶದ ಕನ್ನಡವೂ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ ಎಂದೆ. ಮರ ಗೋಡೆಗೆ ಒರಗಿತ್ತು. ಆಕೆ ನಡುವೆ ಬಾಯಿ ಹಾಕದೆ ಕೇಳಿದಳು. "ನಮಗೂ ಅದ ಅಂಜಿಕಿ ನೋಡ್ರಿ. ಕಳಿಸಿದ್ರೂ ಅಂಜಿಕಿ, ಬಿಟ್ರೂ ಅಂಜಿಕಿ" ಎಂದಳು.

ಶಾಲೆ ಸುರುವಾದ ಮೂರನೆಯ ದಿನ ಹುಡುಗ ಹಳದಿ ವ್ಯಾನಿನ ಕಿಡಕಿಯಲ್ಲಿ ಕಂಡ. ನನ್ನನ್ನು ನೋಡಿ ಕೈಬೀಸಿದ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಸಂಜೆ ತಾಯಿ ಬಂದು ಬಾಗಿಲಲ್ಲೇ ನಿಂತಳು. "ಐತವಾರಕ್ಕೊಮ್ಮೆ ನಮ್ಮ ಹುಡುಗಗ ಕನ್ನಡ ಬರಿಯೂದು ಹೇಳಿಕೊಡ್ತೀರೇನ್ರಿ?"

ಅಂದಿನಿಂದ ಬರುತ್ತಿದ್ದಾನೆ. ಒತ್ತಕ್ಷರಕ್ಕೆ ಇನ್ನೂ ತಕರಾರು ಇದೆ. ಮೊನ್ನೆ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ತನ್ನ ಹೆಸರು ಗೀಚಿ ಹೋದ. ಒರೆಸಲಿಕ್ಕೆ ಅತ್ತೆಯವರು ಬಿಡಲೊಲ್ಲರು.