ಹಳೆಯ ವೀಣೆಯ ಪರೀಕ್ಷೆ

ಹಳೆಯ ಪದಾರ್ಥವನ್ನು ಪರೀಕ್ಷಿಸಿಯೇ ಕೊಳ್ಳತಕ್ಕದ್ದೆಂದು ಎಲ್ಲರೂ ಹೇಳುವುದುಂಟು. ಪರೀಕ್ಷೆ ಮಾಡುವವನ ಮನಸ್ಸು ಆಗ ಹೇಗಿರಬೇಕೆಂಬುದನ್ನು ಹೇಳುವವರು ವಿರಳ. ಕಳೆದ ವರ್ಷ ನಾವು ಅಕ್ಕಿಪೇಟೆಯ ಒಂದು ಮನೆಗೆ ವೀಣೆಯೊಂದನ್ನು ನೋಡಲು ಹೋಗಿ, ವೀಣೆಯ ಗುಣದೋಷಗಳ ಜೊತೆಗೆ ನಮ್ಮ ಗುಣದೋಷಗಳನ್ನೂ ಕಂಡು ಬಂದೆವು. ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಆ ವೃತ್ತಾಂತವನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ಹತ್ತು ವರ್ಷದ ಮೊಮ್ಮಗಳು ಎರಡು ವರ್ಷಗಳಿಂದ ವೀಣೆಯನ್ನು ಕಲಿಯುತ್ತಿದ್ದಾಳೆ. ಮನೆಯಲ್ಲಿ ವಾದ್ಯವಿಲ್ಲದೆ ಪಾಠವು ಮುಂದುವರಿಯುವುದು ಕಷ್ಟವೆಂದು ಅವಳ ಗುರುಗಳು ಹೇಳಿದರು. ಹೊಸ ವೀಣೆಯ ಬೆಲೆ ಪಿಂಚಣಿದಾರನಿಗೆ ಎಟುಕುವಂತಿರಲಿಲ್ಲ. ಹೀಗಿರುವಾಗ, ಅಕ್ಕಿಪೇಟೆಯಲ್ಲಿ ವೃದ್ಧೆಯೊಬ್ಬರು ತಮ್ಮ ದಿವಂಗತ ಪತಿಯ ವೀಣೆಯನ್ನು 15,000 ರೂಪಾಯಿಗೆ ಕೊಡಲಿದ್ದಾರೆಂದು ಮಿತ್ರರೊಬ್ಬರಿಂದ ತಿಳಿಯಿತು. ನಾವೂ ಬಾಲ್ಯದಲ್ಲಿ ನಾಲ್ಕು ವರ್ಷ ವೀಣೆಯನ್ನು ಅಭ್ಯಾಸ ಮಾಡಿದವರೇ. ಬಳೇಪೇಟೆಯ ವಾದ್ಯದಂಗಡಿಯೊಂದರಲ್ಲಿ ಒಂದು ಜೊತೆ ತಂತಿಯನ್ನು ಕೊಂಡು, ಮೊಮ್ಮಗಳ ಕೈ ಹಿಡಿದು, ಮೂಟೆ ಹೊತ್ತವರಿಗೂ ಕೈಗಾಡಿಗಳಿಗೂ ದಾರಿ ಬಿಡುತ್ತ ಆ ಓಣಿಯನ್ನು ಹೊಕ್ಕೆವು.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳು ಪರಿಚಿತವಾದವು. ವೀಣೆಯ ವಿಷಯದಲ್ಲಿಯೂ ಅವು ಸಲ್ಲುತ್ತವೆ.

ಮೊದಲು ಪ್ರತ್ಯಕ್ಷ. ವೀಣೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದಂಡಿಯು ಬಾಗಿದೆಯೇ ಎಂದು ತುದಿಯಿಂದ ಕಣ್ಣಿಟ್ಟು ನೋಡಿದೆವು. ಬಾಗಿದ ದಂಡಿಯನ್ನು ನೆಟ್ಟಗೆ ಮಾಡುವುದು ಅತಿ ಕಷ್ಟ, ಇದು ನೆಟ್ಟಗಿತ್ತು. ಕೊಡದ ಮೇಲೆ ಬೆರಳಿನಿಂದ ತಟ್ಟುತ್ತ ಕಿವಿಗೊಟ್ಟೆವು. ಎಲ್ಲಿಯೂ ಒಡಕು ದನಿ ಬರಲಿಲ್ಲ. ಬಿರಡೆಗಳಲ್ಲಿ ಎರಡು ಜಾರುತ್ತಿದ್ದವು. ಮೆಟ್ಟಿಲುಗಳು 24, ಹನ್ನೆರಡು ಸ್ವರಸ್ಥಾನಗಳಂತೆ ಎರಡು ಸ್ಥಾಯಿಗಳಿಗೆ ಆದ ಲೆಕ್ಕ ಇದು. ಅವುಗಳನ್ನು ಕೂರಿಸಿದ ಮೇಣ ಒಣಗಿ ಬಿರುಕು ಬಿಟ್ಟಿದ್ದರಿಂದ ಕೆಲವು ಅಲುಗಾಡುತ್ತಿದ್ದವು. ಇದು ರೋಗವಲ್ಲ, ವಯೋಧರ್ಮ. ಮೇಣವನ್ನು ತೆಗೆದು ಹೊಸದಾಗಿ ಮೇಳ ಕಟ್ಟಿಸಿದರೆ ಸರಿಹೋಗುತ್ತದೆ. ಕೊನೆಗೆ ವೀಣೆಯನ್ನು ಮೆಲ್ಲನೆ ಬೋರಲಾಗಿಸಿ, ಕೊಡವು ದಂಡಿಯನ್ನು ಸೇರುವ ಸ್ಥಳವನ್ನು ನೋಡಿದೆವು. ಜೋಡಣೆಯ ವೀಣೆಯಾದರೆ ಅಲ್ಲೊಂದು ಗೆರೆ ಕಾಣಬೇಕು, ಅಥವಾ ಗೆರೆಯನ್ನು ಮುಚ್ಚುವ ಪಟ್ಟಿಯಿರಬೇಕು. ಇಲ್ಲಿ ಎರಡೂ ಇರಲಿಲ್ಲ. ಹಲಸಿನ ಮರದ ಎಳೆಗಳು ಕೊಡದಿಂದ ದಂಡಿಗೆ ಹೊಳೆಯ ನೀರಿನಂತೆ ತಡೆಯಿಲ್ಲದೆ ಹರಿದಿದ್ದವು. ಒಂದೇ ದಿಮ್ಮಿಯಿಂದ ಕಡೆದ ಏಕಾಂಡ ವೀಣೆ! ನಮ್ಮ ಎದೆ ಒಮ್ಮೆ ಹಾರಿತು. "ಒಂದೇ ಮರದ್ದು" ಎಂದು ಮೊಮ್ಮಗಳ ಕಿವಿಯಲ್ಲಿ ಮಾತ್ರ ಉಸುರಿದೆವು.

ಆಮೇಲೆ ಅನುಮಾನ. ಕೊಡದ ಅಂಚಿನಲ್ಲಿ ಬಿಳಿಯ ಕೆತ್ತನೆಯ ಪಟ್ಟಿಯಿತ್ತು. ಹಿಂದಿನ ವೀಣೆಗಳಿಗೆ ದಂತವನ್ನು ಕೂಡಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದಕ್ಕೆ 1986 ಮತ್ತು 1991ರಲ್ಲಾದ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ನಿಷೇಧಿಸಿರುವುದರಿಂದ, ದಂತವಿರುವ ಹಳೆಯ ವೀಣೆಯನ್ನು ದುಡ್ಡು ಕೊಟ್ಟು ಕೊಳ್ಳುವುದು ಸರ್ವಥಾ ಸಲ್ಲದು. ಭೂತಗನ್ನಡಿಯಿಂದ ನೋಡಿದೆವು. ದಂತವನ್ನು ಅಡ್ಡ ಕೊಯ್ದಲ್ಲಿ ಒಂದನ್ನೊಂದು ದಾಟುವ ಸೂಕ್ಷ್ಮ ರೇಖೆಗಳಿರುತ್ತವೆ. ಇಲ್ಲಿ ಅಂಥದೇನೂ ಇರಲಿಲ್ಲ. ಪಟ್ಟಿಯ ಮುರಿದ ಅಂಚಿನಲ್ಲಿ ಅಚ್ಚಿನಿಂದ ತೆಗೆದ ಗುರುತು ಸ್ಪಷ್ಟವಾಗಿತ್ತು. ಬರಿಯ ಪ್ಲಾಸ್ಟಿಕ್ಕು. ಅಷ್ಟು ಅಗ್ಗದ ವಸ್ತುವನ್ನು ಕಂಡು ಅಷ್ಟು ಸಂತೋಷಪಟ್ಟದ್ದು ನಮಗೆ ಅದೇ ಮೊದಲು.

ಈ ವೀಣೆಗೆ ಇನ್ನೊಂದು ವೈಚಿತ್ರ್ಯವಿತ್ತು. ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವೆ, ತಂತಿಗಳ ಕೆಳಗೆ, ಕಪ್ಪು ಪೆಟ್ಟಿಗೆಯೊಂದನ್ನು ತಿರುಪಿನಿಂದ ಬಿಗಿದಿದ್ದರು. ಅದು ವಿದ್ಯುತ್ ಗಿಟಾರಿನ ಪಿಕಪ್ಪು. ಮದುವೆಯ ಛತ್ರದ ಗದ್ದಲದಲ್ಲಿ ವೀಣೆ ಯಾರಿಗೂ ಕೇಳಿಸುತ್ತಿರಲಿಲ್ಲವಾದ ಕಾರಣ, ಆ ಅಮ್ಮನವರ ಯಜಮಾನರು ಅದನ್ನು ಹಾಕಿಸಿದ್ದರಂತೆ.

"ಆದರೂ ಕೆಳಗಿನ ತಂತಿ ಎರಡು ಸತ್ತೇ ಹೋಗಿದ್ದವು ಮೇಷ್ಟ್ರೇ. ಛತ್ರದಲ್ಲಿ ಎಲ್ಲರೂ ಹಾಗೇ ಅನ್ನೋರು, ಮರ ಸರಿ ಇಲ್ಲ, ಬೆಸುಗೆ ವೀಣೆ ಅಂತ. ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ?" ಎಂದರು ಆ ಅಮ್ಮ.

ವಿಜ್ಞಾನದ ಉಪಾಧ್ಯಾಯರೊಬ್ಬರೊಡನೆ ಮೂವತ್ತು ವರ್ಷ ಒಂದೇ ಕೊಠಡಿಯಲ್ಲಿ ಕುಳಿತ ಫಲವಾಗಿ, ನಮಗೆ ಕಾರಣ ಕೂಡಲೇ ಹೊಳೆಯಿತು. ಪಿಕಪ್ಪಿನಲ್ಲಿ ಅಯಸ್ಕಾಂತವೂ ಅದರ ಸುತ್ತ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಅದರ ಮೇಲೆ ಉಕ್ಕಿನ ತಂತಿ ಮಿಡಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1951ರಲ್ಲಿ ಅಮೆರಿಕದ ಫೆಂಡರ್ ಕಂಪೆನಿಯು ಹೊರತಂದ ಬೇಸ್ ಗಿಟಾರು ಟೊಳ್ಳಿಲ್ಲದ ಹಲಗೆಯಾದರೂ ಸಭೆಯನ್ನೆಲ್ಲ ತುಂಬುವಂತೆ ನುಡಿಯುವುದು ಈ ತತ್ತ್ವದಿಂದಲೇ. ನಮ್ಮ ವೀಣೆಯಲ್ಲಾದರೋ ಸಾರಣಿಯೂ ಪಂಚಮವೂ ಉಕ್ಕಿನ ತಂತಿಗಳು. ಮಂದ್ರ ಮತ್ತು ಅನುಮಂದ್ರಗಳು ಹಿತ್ತಾಳೆಯವು. ಹಿತ್ತಾಳೆಯು ಅಯಸ್ಕಾಂತಕ್ಕೆ ಓಗೊಡುವುದಿಲ್ಲ. ಛತ್ರದವರು ಸತ್ತವೆಂದ ತಂತಿಗಳು ಬದುಕಿಯೇ ಇದ್ದವು, ಕಿವುಡಾಗಿದ್ದುದು ಪೆಟ್ಟಿಗೆ.

ಮೂರನೆಯದು ಶಬ್ದ, ಎಂದರೆ ಹೇಳಿಕೆಯ ಮಾತು. ವೀಣೆ ಶೇಷಣ್ಣನವರ (1852–1926) ಶಿಷ್ಯಪರಂಪರೆಯಲ್ಲಿ ಕೈಯಿಂದ ಕೈಗೆ ಬಂದ ವಾದ್ಯವಿದೆಂದು ಯಜಮಾನರು ಹೇಳುತ್ತಿದ್ದರಂತೆ. ಇಂಥ ಕಥೆಯನ್ನು ಗೌರವದಿಂದ ಕೇಳಬೇಕು. ಬರೆಹದ ಆಧಾರವಿಲ್ಲದಿದ್ದರೆ ಅದಕ್ಕೆ ಬೆಲೆ ಕಟ್ಟಬಾರದು.

ಇಷ್ಟರವರೆಗೆ ಪರೀಕ್ಷೆ ಶಾಸ್ತ್ರೀಯವಾಗಿಯೇ ನಡೆಯಿತು. ಆಮೇಲೆ ನಾವು ಮಾಡಿದ್ದನ್ನು ಹೇಳಲು ಸಂಕೋಚವಾಗುತ್ತದೆ. "ಬಿರಡೆ ಜಾರುತ್ತದೆ, ಮೇಣ ಹೋಗಿದೆ, ಪಟ್ಟಿ ಮುರಿದಿದೆ" ಎಂದು ದೋಷಗಳನ್ನೆಲ್ಲ ಗಟ್ಟಿಯಾಗಿ ಎಣಿಸಿ, ಗುಣವನ್ನು ನುಂಗಿಕೊಂಡೆವು. 15,000 ರೂಪಾಯಿ 12,000ಕ್ಕೆ ಇಳಿಯಿತು. ನಾಳೆ ಹಣ ತರುತ್ತೇವೆಂದು ಹೇಳಿ ಹೊರಬಿದ್ದೆವು.

ಓಣಿಯ ತಿರುವಿನಲ್ಲಿ ಮೊಮ್ಮಗಳು ಕೇಳಿದಳು: "ತಾತ, ಅದು ಒಂದೇ ಮರದ್ದು ಅಂತ ನನಗೆ ಹೇಳಿದೆಯಲ್ಲ, ಆ ಅಜ್ಜಿಗೆ ಯಾಕೆ ಹೇಳಲಿಲ್ಲ?"

ಪೂರ್ವಪಕ್ಷ, ಸಿದ್ಧಾಂತಗಳನ್ನು ನಲವತ್ತು ವರ್ಷ ಪಾಠ ಹೇಳಿದ ನಮಗೆ ಉತ್ತರ ಹೊಳೆಯಲಿಲ್ಲ. ಬೆಲೆಯನ್ನು ಹೇಳಿದವರು ಅವರೇ, ನಾವೇನೂ ಸುಳ್ಳಾಡಲಿಲ್ಲ ಎಂಬ ಸಮಾಧಾನವು ನಾಲಗೆಯ ತುದಿಯವರೆಗೆ ಬಂದು ನಿಂತಿತು. ಅಮ್ಮ ತಮಗೆ ತಿಳಿದ ದೋಷವನ್ನು ಮುಚ್ಚದೆ ಹೇಳಿದ್ದರು. ನಾವು ನಮಗೆ ತಿಳಿದ ಗುಣವನ್ನು ಮುಚ್ಚಿದ್ದೆವು. ಪ್ರಮಾಣಗಳು ಮೂರೂ ಶುದ್ಧವಾಗಿದ್ದವು, ದೋಷವಿದ್ದದ್ದು ಪ್ರಮಾತೃವಿನಲ್ಲಿ. ಅಲ್ಲಿಂದಲೇ ಹಿಂದಿರುಗಿದೆವು.

ಕೊಂಡೊಯ್ದಿದ್ದ ಹಿತ್ತಾಳೆಯ ತಂತಿಗಳನ್ನು ಕಟ್ಟಿ ಶ್ರುತಿ ಮಾಡಿ, ಅಮ್ಮನವರ ಅಂಗೈಯನ್ನು ಕೊಡದ ಮೇಲಿರಿಸಿ, ಅನುಮಂದ್ರವನ್ನು ಮೀಟಿದೆವು. ಹಜಾರವೆಲ್ಲ ತುಂಬುವ ದನಿ ಎದ್ದು ನಿಧಾನವಾಗಿ ಇಳಿಯಿತು. ಮನುಷ್ಯನ ಶರೀರವು ದೈವೀ ವೀಣೆ, ಮರದ್ದು ಅದರ ಪ್ರತಿಕೃತಿ ಎಂದು ಐತರೇಯ ಆರಣ್ಯಕದಲ್ಲಿ ಓದಿದ್ದರ ಅರ್ಥವು ಆಗ ನಮಗೆ ತಿಳಿದಂತಾಯಿತು. ಮರದ ವಿಷಯವನ್ನೂ ಪಿಕಪ್ಪಿನ ವಿಷಯವನ್ನೂ ಬಿಡಿಸಿ ಹೇಳಿದೆವು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಮನೇಲಿ ಬೆಳಿಗ್ಗೆ ಹೀಗೇ ಕೇಳುತ್ತಿತ್ತು. ನಾನು ಛತ್ರದವರ ಮಾತು ನಂಬಿಬಿಟ್ಟೆ" ಎಂದರು.

ಮರುದಿನ ನಾವೇ ಬಳೇಪೇಟೆಯಿಂದ ಕೆಲಸಗಾರರೊಬ್ಬರನ್ನು ಕರೆತಂದೆವು. ಇದ್ದ ಸ್ಥಿತಿಯಲ್ಲಿಯೇ ವೀಣೆಗೆ 40,000 ರೂಪಾಯಿ ನ್ಯಾಯವಾದ ಬೆಲೆಯೆಂದು ಅವರು ಹೇಳಿದರು. ನಮ್ಮಲ್ಲಿದ್ದುದು 20,000. ಕೈಮುಗಿದು ಎದ್ದೆವು.

"ಕೂತುಕೊಳ್ಳಿ ಮೇಷ್ಟ್ರೇ. ಬೆಲೆ ನಲವತ್ತೇ. ಅದರಲ್ಲಿ ಬಿಡೋದಿಲ್ಲ. ಉಳಿದದ್ದು ತಿಂಗಳು ತಿಂಗಳು ಕೊಡಿ" ಎಂದರು ಅಮ್ಮ. ಅವರು ದಾನ ಮಾಡದೆ ವ್ಯಾಪಾರವನ್ನೇ ಮಾಡಿದ್ದರಿಂದ ನಮ್ಮ ಮಾನವೂ ಉಳಿಯಿತು. ಪಿಕಪ್ಪನ್ನು ಮಾತ್ರ ಬಿಚ್ಚಿಸಿ ತಮ್ಮ ಬಳಿ ಇಟ್ಟುಕೊಂಡರು. ಅದು ಯಜಮಾನರು ಇಷ್ಟಪಟ್ಟು ಹಾಕಿಸಿದ ವಸ್ತುವಲ್ಲವೇ!

ತಿಂಗಳಿಗೆ 2,500 ರೂಪಾಯಿಯಂತೆ ಎಂಟು ಕಂತುಗಳು ಈಚೆಗೆ ತೀರಿದವು. ಪ್ರತಿಯೊಂದು ಕಂತಿಗೂ ಮೊಮ್ಮಗಳನ್ನು ಕರೆದುಕೊಂಡೇ ಹೋಗಿದ್ದೆವು. ಕಂತು ತೀರಿದ ಮೇಲೂ ಹೋಗುವುದು ತಪ್ಪಿಲ್ಲ. ಹಳೆಯ ವಾದ್ಯವನ್ನು ಕೊಳ್ಳಬಯಸುವವರು ದಂಡಿ, ಕೊಡ, ಬಿರಡೆ, ಮೇಣಗಳನ್ನು ಅವಶ್ಯವಾಗಿ ಪರೀಕ್ಷಿಸಲಿ. ವಿದ್ಯುತ್ತಿನ ಉಪಕರಣವಿದ್ದರೆ ಅದನ್ನು ಬದಿಗಿಟ್ಟು ಮರದ ದನಿಯನ್ನೇ ಕೇಳಲಿ. ಸಾಧ್ಯವಾದರೆ ಮನೆಯ ಮಗುವೊಂದನ್ನು ಜೊತೆಗೆ ಕರೆದುಕೊಂಡು ಹೋಗಲಿ.