ಜೇಬಲ್ಲಿ ಶೇಂಗಾ ಬಿಸ್ಕತ್ತು

ಈ ವಾರ ಹೊಲದ ಟಿಪ್ಪಣಿ ಅಲ್ಲ, ಒಲೆ ಮುಂದಿನ ಟಿಪ್ಪಣಿ. ಆದ್ರೂ ಶೇಂಗಾ ಬೆಳೆಯೋ ನಮಗೆಲ್ಲ ಬೇಕಾದ ಮಾತು ಇದರಲ್ಲಿದೆ, ಪೂರ್ತಿ ಓದಿ.

ನನಗೆ ಬೇಕರಿ ಬೆಣ್ಣೆ ಬಿಸ್ಕತ್ತಿನ ಚಟ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕೋಕೆ ಹೋಗ್ತೀವಲ್ಲ, ಆಗ ಫ್ಲಾಸ್ಕಲ್ಲಿ ಟೀ, ಜೇಬಲ್ಲಿ ಬಿಸ್ಕತ್ತಿನ ಪೊಟ್ಟಣ. ನೀರು ಕಟ್ಟೋದು ಮುಗಿಯೋದ್ರೊಳಗೆ ಹತ್ತು ಖಾಲಿ. ಹೋದ ವರ್ಷ ಕಾಲಿಗೆ ಜಾಲಿ ಮುಳ್ಳು ಚುಚ್ಚಿದ್ದು ತಿಂಗಳಾದ್ರೂ ಮಾಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ್ರೆ ಖಾಲಿ ಹೊಟ್ಟೇಲಿ 178, ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ 8.6. ಡಾಕ್ಟ್ರು ಮಾತ್ರೆ ಬರೆದು, ಸಕ್ಕರೆ, ಮೈದಾ ಬಿಡಿ, ಅನ್ನ ಮುದ್ದೆ ಕಮ್ಮಿ ಮಾಡಿ ಅಂದ್ರು.

ಬಿಸ್ಕತ್ತು ಬಿಡೋಕೆ ಮನಸ್ಸಾಗಲಿಲ್ಲ. ನಮ್ಮನೆಯವಳು ರಾಗಿ ಹಿಟ್ಟು, ಬೆಲ್ಲ ಹಾಕಿ ಮಾಡಿಕೊಟ್ಟಳು. ಇದು ನಮ್ಮ ಮಣ್ಣಿನದು, ಏನೂ ಆಗಲ್ಲ ಅಂತ ಧೈರ್ಯವಾಗಿ ಐದು ತಿಂದೆ. ಎರಡು ಗಂಟೆ ಬಿಟ್ಟು ಮಗಳು ಮೀಟರ್ ಹಿಡಿದಳು: 246. "ಅಪ್ಪಾ, ಸ್ವಲ್ಪ ಲೆಕ್ಕ ಮಾಡೋಣ ಇರಿ" ಅಂತ ಪೆನ್ನು ತಗೊಂಡು ಕೂತಳು.

ನೂರು ಗ್ರಾಂ ಮೈದಾದಲ್ಲಿ ಸುಮಾರು 75 ಗ್ರಾಂ ಕಾರ್ಬೋಹೈಡ್ರೇಟ್, ಅಂದ್ರೆ ಪಿಷ್ಟ, ಸಕ್ಕರೆ ಎಲ್ಲ ಸೇರಿ. ರಾಗಿಯಲ್ಲಿ 70ರ ಆಸುಪಾಸು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಜಾಸ್ತಿ ಇದೆ, ಒಳ್ಳೇದೇ, ಆದ್ರೆ ಪಿಷ್ಟ ಪಿಷ್ಟವೇ. ಬೆಲ್ಲ ಅಂತೂ ಬಣ್ಣ ಬೇರೆ ಇರೋ ಸಕ್ಕರೆ. ಅದೇ ನೂರು ಗ್ರಾಂ ಶೇಂಗಾದಲ್ಲಿ 16 ಗ್ರಾಂ, ಅದರಲ್ಲೂ ಅರ್ಧ ನಾರು. ಕೊಬ್ಬರಿಯಲ್ಲಿ 24ರ ಹತ್ತಿರ, ಅದರಲ್ಲೂ ಹೆಚ್ಚಿನ ಪಾಲು ನಾರೇ. ಚೀಲಗಟ್ಟಲೆ ಶೇಂಗಾ ಮನೇಲಿ ಇಟ್ಕೊಂಡು ನಾನು ಪೇಟೆ ಮೈದಾ ತಿಂತಿದ್ದೆ.

ಶುರುವಾಯ್ತು ನಮ್ಮ ಪ್ರಯೋಗ. ಮೊದಲನೇ ಸಲ ಹುರಿದ ಬೀಜ ಬಿಸಿ ಇದ್ದಾಗಲೇ ಮಿಕ್ಸಿಗೆ ಹಾಕಿ ಒಂದೇ ಸಮ ತಿರುಗಿಸಿದ್ವಿ, ಎಣ್ಣೆ ಬಿಟ್ಟು ಚಟ್ನಿ ಆಯ್ತು. ಎರಡನೇ ಸಲ ಪುಡಿ ಚೆನ್ನಾಗಿ ಬಂತು, ಬಿಸ್ಕತ್ತು ಕೈಗೆತ್ತಿಕೊಂಡ್ರೆ ಉದುರಿತು. ಮೈದಾದಲ್ಲಿ ಅಂಟು ಇರುತ್ತೆ, ಇದರಲ್ಲಿಲ್ಲ. ನಾಟಿ ಕೋಳಿ ಮೊಟ್ಟೆ ಹಾಕಿದ ಮೇಲೆ ಹಿಡಿದುಕೊಳ್ತು.

ಈಗಿನ ಅಳತೆ ಹೇಳ್ತೀನಿ. ಹುರಿದು, ಸಿಪ್ಪೆ ತೆಗೆದು, ಪೂರ್ತಿ ಆರಿಸಿದ ಶೇಂಗಾ 200 ಗ್ರಾಂ, ಬಿಟ್ಟು ಬಿಟ್ಟು ತಿರುಗಿಸಿ ತರಿ ಪುಡಿ. ಕೊಬ್ಬರಿ ಪುಡಿ 50 ಗ್ರಾಂ, ಬೆಣ್ಣೆ 40 ಗ್ರಾಂ, ಒಂದು ಮೊಟ್ಟೆ, ಕಾಲು ಚಮಚ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ. ಮೊಟ್ಟೆ ತಿನ್ನದೋರು ಒಂದು ಚಮಚ ಅಗಸೆ ಪುಡಿಯನ್ನ ಮೂರು ಚಮಚ ನೀರಲ್ಲಿ ನೆನೆಸಿ ಹಾಕಬಹುದು. ಸಿಹಿಗೆ ಎರಿಥ್ರಿಟಾಲ್ ಅಂತ ಪುಡಿ ಸಿಗುತ್ತೆ, 40 ಗ್ರಾಂ ಸಾಕು. ನಾಲಿಗೆ ಮೇಲೆ ತಣ್ಣಗೆ ಅನ್ನಿಸುತ್ತೆ, ಜಾಸ್ತಿ ತಿಂದ್ರೆ ಹೊಟ್ಟೆ ಕೆಡುತ್ತೆ. ಇಪ್ಪತ್ತು ಉಂಡೆ ಮಾಡಿ ತಟ್ಟಿ. ಓವನ್ ನಮ್ಮಲ್ಲಿಲ್ಲ, ಹಳೇ ಕುಕ್ಕರ್‌ನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಬಿಸಿ ಇದ್ದಾಗ ಮೆತ್ತಗೇ ಇರುತ್ತೆ, ಮುಟ್ಟಬೇಡಿ. ಆರಿದ ಮೇಲೆ ಗಟ್ಟಿಯಾಗುತ್ತೆ.

ನಮ್ಮನೆಯವಳು ಒಂದು ದಿನ ಸಿಹಿ ಬಿಟ್ಟು ಹಸಿಮೆಣಸಿನಕಾಯಿ, ಕರಿಬೇವು, ಜೀರಿಗೆ ಹಾಕಿದಳು. ಆ ಖಾರ ಬಿಸ್ಕತ್ತೇ ಗೆದ್ದಿದ್ದು.

ಒಂದಕ್ಕೆ ಎರಡು ಗ್ರಾಂ ಚಿಲ್ಲರೆ ಕಾರ್ಬ್. ಇದೇ ಅಳತೆಗೆ 200 ಗ್ರಾಂ ಮೈದಾ, 100 ಗ್ರಾಂ ಸಕ್ಕರೆ ಹಾಕಿದ್ರೆ ಒಂದಕ್ಕೆ ಹನ್ನೆರಡು. ಆದ್ರೆ ಇದರಲ್ಲೂ ತೊಂಬತ್ತು ಕ್ಯಾಲೊರಿ ಇದೆ, ಹತ್ತು ತಿನ್ನೋ ಹಾಗಿಲ್ಲ. ನನಗೆ ದಿನಕ್ಕೆ ಮೂರು.

ಬೀಜದ ವಿಷಯದಲ್ಲಿ ಎಚ್ಚರ ಇರಲಿ. ಹೋದ ಸಲ ಕೀಳೋ ಹೊತ್ತಿಗೆ ಮಳೆ ಹಿಡಿದು ಬಣವೆ ನೆನೆದಿತ್ತು. ಆ ಚೀಲದ ಬೀಜ ಹಾಕೋಣ, ಪುಡಿ ಮಾಡಿದ್ರೆ ಯಾರಿಗೆ ಗೊತ್ತಾಗುತ್ತೆ ಅಂತ ನಾನೇ ಅಂದಿದ್ದೆ. ಮಗಳು ಬಿಡಲಿಲ್ಲ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಯಕೃತ್ತು ಕೆಡಿಸುತ್ತೆ, ಹುರಿದ್ರೂ ಬೇಯಿಸಿದ್ರೂ ಪೂರ್ತಿ ಹೋಗಲ್ಲ. ಹಸುವಿಗೆ ಹಾಕಿದ್ರೆ ಹಾಲಿಗೂ ಬರುತ್ತೆ. ಬಣ್ಣ ಕೆಟ್ಟಿದ್ದು, ಸುಕ್ಕಿದ್ದು, ಕಹಿ ಇರೋದು ಆರಿಸಿ ಬಿಸಾಕಿ.

ಇನ್ನೊಂದು ಮಾತು, ಇದನ್ನ ಹೇಳೋಕೇ ಬರೆಯೋಕೆ ಕೂತಿದ್ದು. ಬಿಸ್ಕತ್ತು ಗೆದ್ದ ಹುಮ್ಮಸ್ಸಲ್ಲಿ ನಾನು ಮುದ್ದೆ, ಅನ್ನ ಎರಡೂ ಒಮ್ಮೆಗೇ ನಿಲ್ಲಿಸಿದೆ. ಮಾತ್ರೆ ಮಾತ್ರ ಮೊದಲಿನಷ್ಟೇ ನುಂಗ್ತಿದ್ದೆ, ಡಾಕ್ಟ್ರಿಗೆ ಹೇಳಲಿಲ್ಲ. ಮೂರನೇ ದಿನ ಕುಂಟೆ ಹೊಡೀತಿದ್ದಾಗ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಮಂಜು. ಕುಂಟೆ ಬಿಟ್ಟು ಸಾಲಲ್ಲೇ ಕೂತೆ. ಪಕ್ಕದ ಹೊಲದ ಅಣ್ಣ ಓಡಿ ಬಂದು ಬೆಲ್ಲದ ನೀರು ಕುಡಿಸಿದ. ಅರ್ಧ ಗಂಟೆ ಬಿಟ್ಟು ಮನೇಲಿ ನೋಡಿದಾಗ 74, ಬೀಳುವಾಗ ಎಷ್ಟಿತ್ತೋ! ಒಬ್ಬನೇ ಬಾವಿ ಹತ್ರ ಇದ್ದಿದ್ರೆ? ಡಾಕ್ಟ್ರು ಚೆನ್ನಾಗಿ ಬೈದು ಮಾತ್ರೆ ಅರ್ಧಕ್ಕಿಳಿಸಿದ್ರು. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಊಟ ಕಡಿತ ಮಾಡೋ ಮೊದಲೇ ಡಾಕ್ಟ್ರಿಗೆ ಹೇಳಬೇಕಂತೆ. ನೀವೂ ಹೇಳಿ, ನನ್ನ ಹಾಗೆ ಹುಂಬತನ ಬೇಡ.

ಮೂರು ತಿಂಗಳ ನಂತರ ಎಚ್‌ಬಿಎ1ಸಿ 7.2. ಬಿಸ್ಕತ್ತಿಂದಲೇ ಅನ್ನಲ್ಲ, ಮಾತ್ರೆ, ಮುದ್ದೆ ಚಿಕ್ಕದಾಗಿದ್ದು, ಸಂಜೆ ನಡಿಗೆ ಎಲ್ಲ ಸೇರಿದೆ. ಕಾಲಿನ ಗಾಯ ಮಾಗಿದೆ.

ಈಗಲೂ ರಾತ್ರಿ ಮೋಟಾರ್ ಹಾಕೋಕೆ ಹೋಗ್ತೀನಿ. ಒಂದು ಜೇಬಲ್ಲಿ ಮೂರು ಶೇಂಗಾ ಬಿಸ್ಕತ್ತು, ಇನ್ನೊಂದರಲ್ಲಿ ಒಂದು ಅಚ್ಚು ಬೆಲ್ಲ. ಬೆಲ್ಲ ತಿನ್ನೋಕಲ್ಲ, ತಲೆ ತಿರುಗಿದ್ರೆ ಅಂತ. ನಮ್ಮ ಕಡೆ ಬಂದ್ರೆ ಬನ್ನಿ, ಖಾರ ಬಿಸ್ಕತ್ತು ಡಬ್ಬೀಲಿದೆ, ಟೀ ಕುಡಿಯೋಣ.